ಶೀಟ್ ಮನೆ, ಬಾಡಿಗೆದಾರರು ಮತ್ತು ಕಲ್ನಾರಿನ ದೂಳು

ಮಾನ್ಯ ಸಂಪಾದಕರೇ,

ಅಶ್ವಿನಿ, ಭರಣಿ ಮಳೆ ಶುರುವಾಯಿತೆಂದರೆ ಗಾಳಿಗೆ ಶೀಟು ಹಾರಿಹೋದ ಮನೆಗಳ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬರುತ್ತದೆ. ಎಷ್ಟು ಮನೆಗೆ ಹಾನಿಯಾಯಿತು, ಅಧಿಕಾರಿಗಳು ಬಂದು ನೋಡಿದರೇ, ಪರಿಹಾರ ಎಷ್ಟು ಎಂಬುದೆಲ್ಲ ವರದಿಯಾಗುತ್ತದೆ. ಮಾರನೆಯ ದಿನದ ಸಂಗತಿ ಮಾತ್ರ ವರದಿಯಾಗುವುದಿಲ್ಲ. ಒಡೆದ ಚೂರುಗಳನ್ನು ಮನೆಯವರು ಕಡ್ಡಿಪೊರಕೆಯಲ್ಲಿ ಗುಡಿಸಿ ಗೋಡೆಯ ಮೂಲೆಗೆ ಒಟ್ಟುತ್ತಾರೆ. ಮಧ್ಯಾಹ್ನ ಶೀಟು ಹಾಕುವವನು ಬಂದು, ಹೊಸ ಶೀಟನ್ನು ಅಂಗಳದಲ್ಲೇ ಮಲಗಿಸಿ ಕಟಿಂಗ್ ಮಷಿನ್ ಹಚ್ಚುತ್ತಾನೆ. ಬೂದುಬಿಳಿ ದೂಳು ಎದ್ದು ಪಕ್ಕದವರ ಒಣಗಿಸಿದ ಬಟ್ಟೆಯ ಮೇಲೆ, ನೀರಿನ ಡ್ರಮ್ಮಿನ ಮೇಲೆ, ಅಲ್ಲೇ ನಿಂತು ನೋಡುವ ಮಕ್ಕಳ ತಲೆಯ ಮೇಲೆ ಕೂರುತ್ತದೆ. ನಾವು ಬರೆಯಹೊರಟಿರುವುದು ಆ ದೂಳಿನ ಬಗ್ಗೆ, ಅದರಲ್ಲೂ ಬಾಡಿಗೆಗೆ ಇರುವವರು ಅದರಿಂದ ತಪ್ಪಿಸಿಕೊಳ್ಳುವ ಬಗೆಯನ್ನು ಕುರಿತು.

ಅಂಗಡಿಯಲ್ಲಿ ಇದನ್ನು ಸಿಮೆಂಟ್ ಶೀಟು ಎನ್ನುತ್ತಾರೆ, ಬಿಲ್ಲಿನಲ್ಲಿ ಎ.ಸಿ. ಶೀಟು ಎಂದು ಬರೆಯುತ್ತಾರೆ. ಎ.ಸಿ. ಎಂದರೆ ಆಸ್ಬೆಸ್ಟಾಸ್ ಸಿಮೆಂಟ್. (ತಂಪಿಗೂ ಅದಕ್ಕೂ ಸಂಬಂಧವಿಲ್ಲವೆಂದು ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಅದರಡಿ ಕುಳಿತವರಿಗೆ ಹೇಳಬೇಕಾಗಿಲ್ಲ.) ಕನ್ನಡದಲ್ಲಿ ಆಸ್ಬೆಸ್ಟಾಸ್‌ಗೆ ಕಲ್ನಾರು ಎಂಬ ಒಳ್ಳೆಯ ಹೆಸರಿದೆ. ಕಲ್ಲೂ ಹೌದು, ನಾರೂ ಹೌದು. ನೆಲದಿಂದ ತೆಗೆದ ಈ ಖನಿಜವನ್ನು ಬಿಡಿಸಿದರೆ ಸೆಣಬಿನಂತೆ ಎಳೆಎಳೆಯಾಗುತ್ತದೆ. ಸಿಮೆಂಟಿಗೆ ಸುಮಾರು ಹತ್ತನೇ ಒಂದು ಪಾಲು ಇದನ್ನು ಸೇರಿಸಿದರೆ, 6 ಮಿ.ಮೀ. ದಪ್ಪದ ಹಾಳೆಯೂ ಮಳೆಗಾಳಿ ತಡೆಯುವಷ್ಟು ಗಟ್ಟಿಯಾಗುತ್ತದೆ. ಹತ್ತು ಅಡಿಯ ಒಂದು ಶೀಟು ಹತ್ತಿರ ಹತ್ತಿರ 40 ಕೆ.ಜಿ. ತೂಗುತ್ತದೆ. ಅಂದರೆ ಅದರೊಳಗೆ ಮೂರು ನಾಲ್ಕು ಕಿಲೋ ಕಲ್ನಾರು ಇದೆ ಎಂದಾಯಿತು.

ಮೊದಲು ಹೆದರಿಕೆಯ ಅಳತೆ ಸರಿಮಾಡಿಕೊಳ್ಳೋಣ. ಬಿರುಕಿಲ್ಲದ, ಅಲುಗಾಡದ ಶೀಟಿನಡಿ ಮಲಗಿದ ಮಾತ್ರಕ್ಕೆ ಕಾಯಿಲೆ ಬಂದುಬಿಡುವುದಿಲ್ಲ. ಸಿಮೆಂಟು ಎಳೆಗಳನ್ನು ಹಿಡಿದಿಟ್ಟುಕೊಂಡಿರುತ್ತದೆ. ಕತ್ತರಿಸಿದಾಗ, ಕೊರೆದಾಗ, ಒಡೆದಾಗ, ಉಜ್ಜಿದಾಗ ಆ ಹಿಡಿತ ಬಿಡುತ್ತದೆ. ಆಗ ಹಾರುವ ಎಳೆ ನಮ್ಮ ಕೂದಲಿಗಿಂತ ಹತ್ತಾರು ಪಟ್ಟು ತೆಳು. ಕಣ್ಣಿಗೆ ಕಾಣುವ ದೂಳು ಹತ್ತು ನಿಮಿಷದಲ್ಲಿ ಕೆಳಗಿಳಿದರೂ ಕಾಣದ ಎಳೆಗಳು ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತಿರುತ್ತವೆ. ಉಸಿರಿನೊಂದಿಗೆ ಶ್ವಾಸಕೋಶದ ಆಳಕ್ಕೆ ಇಳಿದವನ್ನು ದೇಹ ಕರಗಿಸಲಾರದು. ಶ್ವಾಸಕೋಶ ಗಡುಸಾಗುವ ಆಸ್ಬೆಸ್ಟೋಸಿಸ್, ಶ್ವಾಸಕೋಶದ ಕ್ಯಾನ್ಸರ್, ಅದರ ಹೊರಪೊರೆಯ ಕ್ಯಾನ್ಸರ್ ಆದ ಮೀಸೊಥೀಲಿಯೋಮಾ ಇದರಿಂದ ಬರುವ ಮುಖ್ಯ ಕಾಯಿಲೆಗಳು. ಈಗ ಶೀಟಿನಲ್ಲಿ ಬಳಸುವ ಬಿಳಿ ಕಲ್ನಾರೂ ಸೇರಿದಂತೆ ಎಲ್ಲ ಬಗೆಯ ಕಲ್ನಾರನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಸಾಲಿನಲ್ಲಿ ಇಟ್ಟಿದೆ. ಕಾಯಿಲೆ ತಲೆ ಎತ್ತಲು ಸಾಮಾನ್ಯವಾಗಿ 20ರಿಂದ 40 ವರ್ಷ ಬೇಕು. ಇಂದು ಶೀಟು ಕೊಯ್ದವನಿಗೆ ನಾಳೆ ಕೆಮ್ಮು ಬರುವುದಿಲ್ಲ, ಹಾಗಾಗಿ ಯಾರೂ ನಂಬುವುದೂ ಇಲ್ಲ. ಬೀಡಿ ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಹೆಚ್ಚು. ಇಷ್ಟಾದರೂ, ಒಮ್ಮೆ ದೂಳು ಕುಡಿದೆವೆಂದು ಸ್ಕ್ಯಾನಿಂಗ್‌ಗೆ ಓಡಬೇಕಾಗಿಲ್ಲ. ಅಪಾಯ ಕೂಡುತ್ತ ಹೋಗುವ ಲೆಕ್ಕ ಇದು: ಎಷ್ಟು ಸಲ, ಎಷ್ಟು ಹೊತ್ತು, ಎಷ್ಟು ದೂಳು. ಆ ಲೆಕ್ಕವನ್ನು ಚಿಕ್ಕದಾಗಿಡುವುದಷ್ಟೇ ನಮ್ಮ ಕೈಯಲ್ಲಿರುವುದು. ‘ಇಷ್ಟರವರೆಗೆ ಪರವಾಗಿಲ್ಲ’ ಎನ್ನುವ ಗಡಿ ಮಾತ್ರ ಯಾವುದೂ ಇಲ್ಲ.

ಮನೆ ನೋಡಲು ಹೋದಾಗ ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ನೀರು ದಿನ ಬಿಟ್ಟು ದಿನವೋ ಎಂದು ಕೇಳುವ ನಾವು ತಲೆ ಎತ್ತಿ ನೋಡುವುದು ಕಡಿಮೆ. ಐದು ನಿಮಿಷ ಸಾಕು. ತಗಡಿನ ಶೀಟನ್ನು ಬೆರಳಿನಿಂದ ತಟ್ಟಿದರೆ ಟಣ್ ಎನ್ನುತ್ತದೆ, ಸಿಮೆಂಟ್ ಶೀಟಿನ ಸದ್ದು ಮೊಂಡು. ಬಣ್ಣ ನೋಡಿ ಮೋಸಹೋಗಬೇಡಿ, ಕೆಂಪು, ಹಸಿರು ಬಣ್ಣ ಬಳಿದ ಸಿಮೆಂಟ್ ಶೀಟುಗಳಲ್ಲೂ ಕಲ್ನಾರು ಇರಬಹುದು. ಶೀಟಿನ ಮೇಲಿನ ಮುದ್ರೆಯಲ್ಲಿ ಐ.ಎಸ್. 459 ಎಂದಿದ್ದರೆ ಅನುಮಾನವೇ ಬೇಡ, ಅದು ಕಲ್ನಾರು ಸಿಮೆಂಟ್ ಶೀಟಿಗೆಂದೇ ಇರುವ ಮಾನಕ. ಮುದ್ರೆ ಅಳಿಸಿಹೋದ ಹಳೆಯ ಶೀಟಾದರೆ ಕಲ್ನಾರು ಇದೆ ಎಂದೇ ಭಾವಿಸಿ ನಡೆಯುವುದು ಜಾಣತನ. ಬರಿಗಣ್ಣಿಗೆ ತಿಳಿಯುವುದಿಲ್ಲ, ಪ್ರಯೋಗಾಲಯದ ಸೂಕ್ಷ್ಮದರ್ಶಕವೇ ಬೇಕು. ಸೂರು ಆರ್‌ಸಿಸಿ ಆಗಿದ್ದರೂ ಹಳೆಯ ಕಟ್ಟಡಗಳಲ್ಲಿ ಕಕ್ಕಸಿನ ಮೇಲಣ ಗಾಳಿಕೊಳವೆ, ಮಳೆನೀರು ಇಳಿಯುವ ಬೂದು ಬಣ್ಣದ ಸಿಮೆಂಟ್ ಪೈಪು, ಕೋಣೆ ಇಬ್ಭಾಗ ಮಾಡಿದ ಚಪ್ಪಟೆ ಸಿಮೆಂಟ್ ಹಲಗೆ, ಬಟ್ಟೆ ಒಗೆಯುವಲ್ಲಿನ ಮಾಡು, ಇವುಗಳಲ್ಲೂ ಇರಬಹುದು.

ಅದಾದ ಮೇಲೆ ಶೀಟಿನ ಸ್ಥಿತಿ. ಹಳತಾದಂತೆ ಮಳೆನೀರು ಮೇಲ್ಪದರದ ಸಿಮೆಂಟನ್ನು ತಿಂದುಹಾಕುತ್ತದೆ, ಎಳೆಗಳು ಹೊರಬೀಳುತ್ತವೆ. ಸೂರಿನಂಚಿನಲ್ಲಿ, ಬೋಲ್ಟಿನ ಸುತ್ತ, ಒಡೆದ ಬಾಯಲ್ಲಿ ಬೂಷ್ಟಿನಂಥ ಬಿಳಿ ಕುಚ್ಚು ಕಂಡರೆ ಆ ಶೀಟಿನ ಆಯುಸ್ಸು ಮುಗಿಯುತ್ತ ಬಂತೆಂದು ತಿಳಿಯಿರಿ. ಸೂರಿನ ನೀರು ಬೀಳುವ ಸಾಲಿನಲ್ಲಿ ಮಣ್ಣಿನ ಮೇಲೆ ಬೂದು ಕೆಸರು ನಿಂತಿದೆಯೇ ನೋಡಿ. ಎಳೆಗಳು ಕೊಚ್ಚಿಬಂದು ಸೇರುವುದು ಅಲ್ಲೇ, ಮಕ್ಕಳು ಮಣ್ಣಾಡುವುದೂ ಹೆಚ್ಚಾಗಿ ಅಲ್ಲೇ. ಆ ಮಣ್ಣನ್ನು ಕೆದಕದೆ ಮೇಲೊಂದು ಸಾಲು ಕಲ್ಲುಚಪ್ಪಡಿ ಹಾಸಿದರೆ ಅರ್ಧ ತೊಂದರೆ ಮುಗಿಯಿತು.

ಶೀಟು ಒಡೆಯುವುದಕ್ಕೆ ಗಾಳಿಯೊಂದನ್ನೇ ದೂರಿ ಫಲವಿಲ್ಲ. ಕೂರಿಸಿದ ರೀತಿಯಲ್ಲೇ ದೋಷವಿರುವುದು ಹೆಚ್ಚು. 6 ಮಿ.ಮೀ. ಶೀಟಿಗೆ ಕೆಳಗಿನ ಆಧಾರದ ಪೈಪುಗಳ ನಡುವೆ 1.4 ಮೀಟರ್, ಅಂದರೆ ನಾಲ್ಕೂವರೆ ಅಡಿಗಿಂತ ಹೆಚ್ಚು ಅಂತರ ಇರಬಾರದು. ಒಂದು ಪೈಪಿನ ಖರ್ಚು ಉಳಿಸಲು ಆರೇಳು ಅಡಿ ಬಿಟ್ಟಿರುತ್ತಾರೆ. ಶೀಟು ನಡುವೆ ಬಳುಕಿ, ಬೇಸಿಗೆಯ ಬಿಸಿಲಿಗೆ ಹಿಗ್ಗಿ, ಮಳೆಗೆ ಕುಗ್ಗಿ, ಅಡ್ಡಕ್ಕೆ ಸೀಳುತ್ತದೆ. ಗೋಡೆಯಾಚೆ ಒಂದು ಅಡಿಗಿಂತ ಹೆಚ್ಚು ಚಾಚಿದ ಅಂಚನ್ನು ಮುರಿಯಲು ಒಂದು ತೆಂಗಿನ ಗರಿ ಅಥವಾ ಒಂದು ಮಂಗ ಸಾಕು. ತಲೆಯ ಕಡೆ ಶೀಟಿನ ಮೇಲೆ ಶೀಟು 15 ಸೆಂ.ಮೀ. ಹೊದೆದಿರಬೇಕು. ಜೆ ಬೋಲ್ಟಿನ (ಇಂಗ್ಲಿಷಿನ ಜೆ ಅಕ್ಷರದಂತೆ ಬಾಗಿದ ಬೋಲ್ಟು) ತೂತು ಅಲೆಯ ಗುಂಡಿಯಲ್ಲಲ್ಲ, ಉಬ್ಬಿನಲ್ಲಿ ಬರಬೇಕು. ಬೋಲ್ಟಿಗಿಂತ 2 ಮಿ.ಮೀ. ದೊಡ್ಡದಿರಬೇಕು, ಮೇಲೆ ತಗಡಿನ ವಾಷರ್, ಅದರಡಿ ಡಾಂಬರಿನ ವಾಷರ್. ನಮ್ಮಲ್ಲಿ ನಡೆಯುವುದು ಏನೆಂದರೆ, ಮೊಳೆ ಇಟ್ಟು ಸುತ್ತಿಗೆಯಲ್ಲಿ ಒಂದೇಟು. ತೂತಿನ ಸುತ್ತ ನಕ್ಷತ್ರದಂತೆ ಬಿರುಕು ಹಬ್ಬುತ್ತದೆ, ಮೇಲಿಂದ ನಟ್ಟು ಬಿಗಿಯಾಗಿ ತಿರುಗಿಸಿ ಆ ಬಿರುಕನ್ನು ಇನ್ನಷ್ಟು ಅಗಲಿಸುತ್ತಾರೆ. ಬೋಲ್ಟೇ ಇಲ್ಲದೆ ಮೇಲೆ ಸೈಜುಗಲ್ಲು, ಹಳೆ ಟೈರು ಹೇರಿರುವ ಮನೆಗಳೂ ಬೇಕಾದಷ್ಟಿವೆ. ಗಾಳಿ ಬೀಸಿದಾಗಲೆಲ್ಲ ಶೀಟಿಗೆ ಶೀಟು ಉಜ್ಜಿ, ಆ ಪುಡಿ ಸಂದಿನಿಂದ ಹಾಸಿಗೆಯ ಮೇಲೆ ಉದುರುತ್ತದೆ. ಬೆಳಿಗ್ಗೆ ಎದ್ದಾಗ ದಿಂಬಿನ ಮೇಲೆ ಸಣ್ಣ ಬೂದು ಮರಳಿನಂಥದ್ದು ಕಂಡರೆ ನೆತ್ತಿಯ ಮೇಲಿನ ಆ ಸಂದನ್ನೇ ಮೊದಲು ನೋಡಿ.

ಬಾಡಿಗೆದಾರರು ತಾವೇ ಮಾಡುವ ತಪ್ಪುಗಳನ್ನೂ ಹೇಳಬೇಕು. ಡಿಶ್ ಕೂರಿಸಲು, ಬಟ್ಟೆಯ ಹಗ್ಗಕ್ಕೆ ಕೊಕ್ಕೆ ಹಾಕಲು, ಎಕ್ಸಾಸ್ಟ್ ಪೈಪು ಹೊರಬಿಡಲು ಶೀಟಿಗೆ ತೂತು ಕೊರೆಯಬೇಡಿ. ಡಿಶ್ ಗೋಡೆಗೆ ಹೋಗಲಿ, ಕೊಕ್ಕೆಯನ್ನು ಪೈಪಿಗೇ ಕ್ಲ್ಯಾಂಪ್ ಹಾಕಿ ಬಿಗಿಯಿರಿ. ತೂತು ಕೊರೆಯದೆ ಗತ್ಯಂತರವೇ ಇಲ್ಲವೆಂದಾದರೆ ಕರೆಂಟಿನ ಡ್ರಿಲ್ ಬೇಡ, ಕೈಯಲ್ಲಿ ತಿರುಗಿಸುವ ಡ್ರಿಲ್ ತನ್ನಿ. ಕೊರೆಯುವ ಜಾಗಕ್ಕೆ ಎರಡೂ ಕಡೆ ಶೇವಿಂಗ್ ಫೋಮನ್ನು ನಿಂಬೆಹಣ್ಣಿನ ಗಾತ್ರ ಮೆತ್ತಿ, ಅದರೊಳಗಿಂದಲೇ ಕೊರೆಯಿರಿ. ಪುಡಿ ನೊರೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಒದ್ದೆ ಬಟ್ಟೆಯಲ್ಲಿ ನೊರೆ ಒರೆಸಿ, ಆ ಬಟ್ಟೆಯನ್ನು ಒಣಗಲು ಬಿಡದೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ.

ಬೇಸಿಗೆಯ ಕಾವು ತಡೆಯಲು ಶೀಟಿನಡಿ ಥರ್ಮೋಕೋಲ್, ಹಳೆ ಸೀರೆ, ಫ್ಲೆಕ್ಸ್ ಬ್ಯಾನರ್ ಕಟ್ಟುವುದು ರೂಢಿ. ಅದು ತಪ್ಪಲ್ಲ, ದೂಳನ್ನೂ ತಡೆಯುತ್ತದೆ. ತೊಂದರೆ ಬಿಚ್ಚುವಾಗ. ಎರಡು ವರ್ಷ ಮೇಲೆ ಕೂತ ಪುಡಿಯೆಲ್ಲ ಒಂದೇ ಸಲ ತಲೆಯ ಮೇಲೆ ಸುರಿಯುತ್ತದೆ. ಮೇಲ್ಭಾಗಕ್ಕೆ ನೀರು ಚಿಮುಕಿಸಿ, ಒಂದು ಕಡೆಯಿಂದ ಒಳಮುಖವಾಗಿ ಮಡಚುತ್ತ ಇಳಿಸಿ, ಕೊಡವಬೇಡಿ.

ಇತ್ತೀಚೆಗೆ ಹೆಚ್ಚುತ್ತಿರುವ ಇನ್ನೊಂದು ಅಪಾಯವೆಂದರೆ ತಂಪಿಗಾಗಿ ಶೀಟಿನ ಮೇಲೆ ಬಿಳಿ ಬಣ್ಣ ಹೊಡೆಸುವುದು. ಬಣ್ಣ ಒಳ್ಳೆಯದೇ, ಶೀಟಿನ ಮೈಯನ್ನು ಮುಚ್ಚುತ್ತದೆ. ಆದರೆ ಬಣ್ಣ ಹಿಡಿಯಲೆಂದು ಪೇಂಟರು ಮೊದಲು ತಂತಿಬ್ರಷ್ಷಿನಲ್ಲಿ ಪಾಚಿ ಕೆರೆದು, ಅಥವಾ ಪ್ರೆಷರ್ ಪಂಪಿನಲ್ಲಿ ನೀರು ಹಾಯಿಸಿ ಸವೆದ ಮೇಲ್ಪದರವನ್ನೇ ಕಿತ್ತುಬಿಡುತ್ತಾರೆ. ಮೂವತ್ತು ವರ್ಷದ ಮಳೆ ಮಾಡದ ಕೆಲಸವನ್ನು ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ. ಪಾಚಿಗೆ ನೀರು ಹನಿಸಿ ನೆನೆಸಿ, ಮೆತ್ತನೆ ಸ್ಪಂಜಿನಲ್ಲಿ ಒತ್ತಿ ತೆಗೆದು, ಕ್ಷಾರ ತಡೆಯುವ ನೀರಿನ ಪ್ರೈಮರನ್ನು ಒಂದು ಕೋಟು, ಮೇಲೆ ಎರಡು ಕೋಟು ಬಣ್ಣ ಹಾಕಿದರೆ ಸಾಕು. ಮನೆಯೊಳಗಿನ ಕಡೆಯೂ ಹೀಗೆಯೇ. ಉಪ್ಪುಕಾಗದದಲ್ಲಿ ಉಜ್ಜಿ ನುಣ್ಣಗೆ ಮಾಡಲು ಹೋಗಬಾರದು, ಪುಟ್ಟಿ ಹಾಕುವ ಆಸೆಯೂ ಬೇಡ. ಮನೆ ಖಾಲಿ ಮಾಡುವಾಗ ಬೆಂಗಳೂರಿನಲ್ಲಿ ಪೇಂಟಿಂಗ್ ಖರ್ಚೆಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಹಾಗೆ ಹಿಡಿದ ದುಡ್ಡಿನಲ್ಲಿ ಶೀಟಿನ ಒಳಮೈಗೂ ಎರಡು ಕೋಟು ಬಣ್ಣ ಹೊಡೆಸಿ ಎಂದು ಹೊಸದಾಗಿ ಬರುವವರು ಓನರನ್ನು ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಬಿರುಕು ಸಣ್ಣದಿದ್ದರೆ ಶೀಟು ಬದಲಿಸಲು ಆತುರಪಡಬೇಡಿ. ಬಿರುಕಿನ ಸುತ್ತ ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಿಂಬದಿ ಅಂಟಿರುವ ಡಾಂಬರಿನ ಟೇಪನ್ನು ಎರಡೂ ಕಡೆ ನಾಲ್ಕು ಬೆರಳಗಲ ದಾಟುವಂತೆ ಒತ್ತಿ ಕೂರಿಸಿದರೆ ಕೆಲವು ಮಳೆಗಾಲ ತಡೆಯುತ್ತದೆ. ಬಿರುಕಿನ ಬಾಯನ್ನು ಉಳಿಯಲ್ಲಿ ಬಿಡಿಸಿ ಸಿಮೆಂಟು ತುಂಬುವುದು ಹಳೆಯ ಪದ್ಧತಿ. ಬಿಡಿಸುವಾಗ ಪುಡಿ, ಒಣಗಿದ ಮೇಲೆ ಸಿಮೆಂಟು ಬಿಟ್ಟುಕೊಂಡು ಮತ್ತೆ ಸೋರುವುದು, ಎರಡೂ ನಷ್ಟ.

ಶೀಟು ತೆಗೆಯಲೇಬೇಕಾದಾಗ ಏನು ಮಾಡಬೇಕೆಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ, ದೂಳೆಲ್ಲ ಏಳುವುದು ಇಲ್ಲೇ. ಹಿಂದಿನ ದಿನವೇ ಹಾಸಿಗೆ, ಬಟ್ಟೆ, ಪಾತ್ರೆ, ದಿನಸಿ ಹೊರಗೆ ಸಾಗಿಸಿ, ಸಾಗಿಸಲಾಗದ ಬೀರು ಮಂಚಗಳಿಗೆ ಪ್ಲಾಸ್ಟಿಕ್ ಹೊದಿಸಿ. ಮಕ್ಕಳೂ ವಯಸ್ಸಾದವರೂ ಆ ದಿನ ಬೇರೆಡೆ ಇರಲಿ. ಫ್ಯಾನು ನಿಲ್ಲಿಸುವುದಲ್ಲ, ಮೇನ್ ಸ್ವಿಚ್ಚನ್ನೇ ಆರಿಸಿ. ಶೀಟ್ ಮನೆಗಳಲ್ಲಿ ವೈರು ಪೈಪಿಗೇ ಸುತ್ತಿಕೊಂಡಿರುತ್ತದೆ, ನಾವು ಅಲ್ಲಿಗೆ ನೀರು ಹೊಡೆಯಲಿದ್ದೇವೆ. ಐದು ಲೀಟರ್ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಗಿಡಕ್ಕೆ ಔಷಧಿ ಹೊಡೆಯುವ ಪಂಪಿಗೆ ತುಂಬಿ. ಬರೀ ನೀರು ದೂಳಿನ ಮೇಲೆ ಮುತ್ತಿನಂತೆ ಉರುಳಿಹೋಗುತ್ತದೆ, ಸೋಪು ಬೆರೆತದ್ದು ಒಳಕ್ಕಿಳಿಯುತ್ತದೆ. ಮಂಜಿನಂತೆ ಸಣ್ಣಗೆ, ಮೇಲೂ ಕೆಳಗೂ ಹೊಡೆದು ಹತ್ತು ನಿಮಿಷ ಬಿಡಿ, ಕೆಲಸದ ನಡುವೆ ಒಣಗಿದರೆ ಮತ್ತೆ ಹೊಡೆಯಿರಿ.

ಮುಖಕ್ಕೆ ಕರ್ಚೀಫು, ಟವೆಲು, ಆಸ್ಪತ್ರೆಯ ನೀಲಿ ಮಾಸ್ಕು ಕಟ್ಟಿದರೆ ಕಟ್ಟದಂತೆಯೇ ಲೆಕ್ಕ. ಕೋವಿಡ್ ಕಾಲದ ಎನ್95 ಕೂಡ ಈ ಕೆಲಸಕ್ಕೆ ಸಾಲದು. ಪಿ100 ಫಿಲ್ಟರ್ ಹಾಕಿದ ರಬ್ಬರಿನ ಅರೆಮುಖದ ಮಾಸ್ಕು, ಅಥವಾ ಎಫ್‌ಎಫ್‌ಪಿ3 ಎಂದು ಬರೆದಿರುವುದು ಬೇಕು. ಗಡ್ಡವಿದ್ದರೆ ಅಂಚಿನಲ್ಲಿ ಗಾಳಿ ನುಸುಳುತ್ತದೆ, ಬೋಳಿಸಿಕೊಂಡೇ ಹಾಕಬೇಕು.

ಶೀಟಿನ ಮೇಲೆ ಕಾಲಿಡಬೇಡಿ. ದೂಳಿನ ಅಪಾಯ ಇಪ್ಪತ್ತು ವರ್ಷಕ್ಕೆ, ಇದು ಆ ಕ್ಷಣಕ್ಕೆ. ನೋಡಲು ಗಟ್ಟಿಯಾಗಿ ಕಾಣುವ ಹಳೆ ಶೀಟು ಕಾಲಡಿ ಬಿಸ್ಕತ್ತಿನಂತೆ ಮುರಿಯುತ್ತದೆ. ‘ಬೋಲ್ಟಿನ ಸಾಲಿನ ಮೇಲೆ ನಡೆದರೆ ಏನಾಗಲ್ಲ’ ಎನ್ನುವ ಧೈರ್ಯ ಹೇಳಿಕೊಟ್ಟವರೇ ಬಿದ್ದಿರುತ್ತಾರೆ. ಆದಷ್ಟೂ ಕೆಳಗಿನಿಂದ, ಗಟ್ಟಿ ಅಟ್ಟಣೆಯ ಮೇಲೆ ನಿಂತು ಕೆಲಸ ಮಾಡಬೇಕು. ಮೇಲೆ ಹೋಗಲೇಬೇಕಾದರೆ ಎರಡು ಮೂರು ಪೈಪುಗಳಿಗೆ ಅಡ್ಡಲಾಗಿ ಕೂರುವಷ್ಟು ಉದ್ದದ ಹಲಗೆ ಹಾಕಿಕೊಂಡು, ಅದರ ಮೇಲಷ್ಟೇ ಓಡಾಡಬೇಕು. ತುಕ್ಕು ಹಿಡಿದ ಬೋಲ್ಟನ್ನು ಸುತ್ತಿಗೆಯಿಂದ ಬಡಿದು ಶೀಟನ್ನು ಪುಡಿ ಮಾಡುವ ಬದಲು ಬೋಲ್ಟ್ ಕಟ್ಟರ್‌ನಲ್ಲಿ ತುಂಡರಿಸಿ, ಶೀಟನ್ನು ಇಡಿಯಾಗಿ ಎತ್ತಿ, ಇಬ್ಬರು ಹಿಡಿದು ಇಳಿಸಬೇಕು. ಮೇಲಿಂದ ‘ಬಿಡ್ಲಾ?’ ಎಂದು ಕೇಳಿ ಎಸೆಯುವ ಪದ್ಧತಿ ನಿಲ್ಲಬೇಕು.

ಹೊಸ ಶೀಟು ಸಿಮೆಂಟಿನದೇ ಆದರೂ ಕೊಯ್ಯುವುದನ್ನು ತಪ್ಪಿಸಬಹುದು. ಒಂದೂವರೆ ಮೀಟರಿನಿಂದ ಮೂರು ಮೀಟರಿನವರೆಗೆ ಹಲವು ಉದ್ದದಲ್ಲಿ ಸಿಗುತ್ತವೆ. ಅಳತೆ ಸರಿಯಾಗಿ ತೆಗೆದುಕೊಂಡು ಹೋಗಿ, ಉಳಿದ ಗೇಣುದ್ದವನ್ನು ಹೊದಿಕೆಯಲ್ಲಿ ಹೆಚ್ಚು ಮಾಡಿ ಸರಿದೂಗಿಸಿ. ಮೂಲೆ ಕತ್ತರಿಸಲೇಬೇಕಾದರೆ ನೀರು ಹನಿಸುತ್ತ ಕೈಗರಗಸದಲ್ಲಿ, ಮನೆಗಳಿಂದ ದೂರ, ಗಾಳಿಗೆ ಬೆನ್ನು ಮಾಡಿ. ಕಟಿಂಗ್ ಮಷಿನ್ ಮಾತ್ರ ಬೇಡವೇ ಬೇಡ, ಅಷ್ಟು ದೂಳೆಬ್ಬಿಸುವ ಉಪಕರಣ ಇನ್ನೊಂದಿಲ್ಲ. ಬಾಡಿಗೆದಾರರ ಮಾತು ನಡೆಯುವಂತಿದ್ದರೆ ಕಲ್ನಾರಿಲ್ಲದ ಫೈಬರ್ ಸಿಮೆಂಟ್ ಶೀಟು, ಬಣ್ಣದ ತಗಡು, ಮಂಗಳೂರು ಹೆಂಚು, ಯಾವುದಾದರೂ ಆದೀತು. ‘ಕಲ್ನಾರುರಹಿತ’ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಅಂಗಡಿಯವನ ಬಾಯಿಮಾತು ಲೆಕ್ಕಕ್ಕಿಲ್ಲ.

ಕೆಲಸ ಮುಗಿದ ಮೇಲೆ ಪೊರಕೆ ಮುಟ್ಟಬೇಡಿ. ಮನೆಯಲ್ಲಿರುವ ಮಾಮೂಲಿ ವ್ಯಾಕ್ಯೂಮ್ ಕ್ಲೀನರ್ ಇನ್ನೂ ಕೆಟ್ಟದ್ದು, ಮುಂದಿನಿಂದ ಎಳೆದ ಎಳೆಗಳನ್ನು ಹಿಂದಿನಿಂದ ಉಗುಳುತ್ತದೆ. ಒಂದು ಗಂಟೆ ಬಿಟ್ಟು, ನೆಲಕ್ಕೆ ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಮೇಲಿನಿಂದ ಕೆಳಕ್ಕೆ ಒರೆಸಿ. ಬಟ್ಟೆ ಮಡಚಿ ಹೊಸ ಮೈ ತಿರುಗಿಸಿಕೊಳ್ಳಿ, ಅದೇ ಮೈಯಲ್ಲಿ ಮತ್ತೆ ಒರೆಸಬೇಡಿ. ಮಾರನೆಯ ದಿನ ಇನ್ನೊಮ್ಮೆ. ಬಕೆಟ್ಟಿನ ನೀರು ಅಂಗಳಕ್ಕಲ್ಲ, ಶೌಚಾಲಯದ ಗುಂಡಿಗೆ. ಕೆಲಸದ ಬಟ್ಟೆಯನ್ನು ಕೊಡವದೆ ಹೊರಗೇ ಬಿಚ್ಚಿ ಬೇರೆಯಾಗಿ ನೆನೆಹಾಕಿ. ಕಲ್ನಾರು ಕಾರ್ಮಿಕರ ಬಟ್ಟೆ ಒಗೆದ ಹೆಂಡತಿಯರಿಗೇ ಕಾಯಿಲೆ ಬಂದದ್ದು ಹೊರದೇಶಗಳಲ್ಲಿ ದಾಖಲಾಗಿದೆ.

ಇನ್ನು ಒಡೆದ ಶೀಟು. ಈಗ ಅದು ಎಲ್ಲೆಲ್ಲಿ ಹೋಗುತ್ತದೆ ನೋಡಿ: ಚರಂಡಿಯ ಮುಚ್ಚಳ, ಕೋಳಿಗೂಡಿನ ಗೋಡೆ, ಗಲ್ಲಿಯ ಗುಂಡಿಗೆ ತುಂಬುವ ಮಣ್ಣು, ಖಾಲಿ ಸೈಟು, ಕೆರೆಯಂಚು. ಅಂಗೈಯಗಲದ ಚೂರು ಕುಂಟೆಬಿಲ್ಲೆಯ ಬಿಲ್ಲೆಯಾಗಲು ಹೇಳಿ ಮಾಡಿಸಿದಂತಿರುತ್ತದೆ. ಬೇರೆ ಚೂರು ಸಿಮೆಂಟ್ ನೆಲದ ಮೇಲೆ ಬಳಪದಂತೆ ಗೀಚುತ್ತದೆ, ಅದರಲ್ಲೇ ಆಟದ ಮನೆಗಳನ್ನೂ ಬರೆಯುತ್ತಾರೆ. ಆ ಬಿಳಿ ಗೆರೆಯೇ ಕಲ್ನಾರಿನ ಪುಡಿ. ಮಕ್ಕಳ ಕೈಯಿಂದ ಮೊದಲು ಅದನ್ನು ತೆಗೆದುಕೊಳ್ಳಿ. ಚೂರುಗಳನ್ನು ಒದ್ದೆ ಮಾಡಿ, ಇನ್ನಷ್ಟು ಒಡೆಯದೆ, ಕಟ್ಟಡ ಕೆಲಸಕ್ಕೆ ಸಿಗುವ 200 ಮೈಕ್ರಾನ್ ದಪ್ಪದ ಪಾಲಿಥಿನ್ ಹಾಳೆಯಲ್ಲಿ ಎರಡು ಸುತ್ತು ಸುತ್ತಿ, ಅಗಲದ ಟೇಪು ಅಂಟಿಸಿ, ‘ಕಲ್ನಾರು, ಒಡೆಯಬೇಡಿ’ ಎಂದು ದಪ್ಪಕ್ಷರದಲ್ಲಿ ಬರೆದಿಡಿ. ಸಿಮೆಂಟ್ ಚೀಲ ಬೇಡ, ಅಂಚು ಚುಚ್ಚಿ ಹರಿಯುತ್ತದೆ.

ಕಟ್ಟಿಟ್ಟದ್ದನ್ನು ಎಲ್ಲಿಗೆ ಕೊಡಬೇಕು? ಈ ಪತ್ರ ಬರೆಯಲು ಇದೂ ಒಂದು ಕಾರಣ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಕಲ್ನಾರು ಕಾರ್ಖಾನೆಗಳ ತ್ಯಾಜ್ಯ ಸೇರಿದೆ. ಅದೇ ಶೀಟು ಬಾಡಿಗೆಮನೆಯ ಸೂರಿನಿಂದ ಇಳಿದಾಗ ಕಸದ ಆಟೊದವರು ‘ಇದು ನಮ್ಮದಲ್ಲ’ ಎನ್ನುತ್ತಾರೆ, ಕಟ್ಟಡದ ಅವಶೇಷ ಒಯ್ಯುವವರು ಇಟ್ಟಿಗೆ ಚೂರಿನೊಂದಿಗೆ ಬೆರೆಸಿ ಒಯ್ಯುತ್ತಾರೆ. ಅವಶೇಷವನ್ನು ಪುಡಿ ಮಾಡುವ ಯಂತ್ರಕ್ಕೆ ಕಲ್ನಾರು ಬಿದ್ದರೆ ಆಗುವುದನ್ನು ಊಹಿಸಬಹುದು. ಕಾರ್ಖಾನೆಯೊಳಗೆ ಇಷ್ಟಾದರೂ ಕಾಯ್ದೆ ಇದೆ: ಆಸ್ಬೆಸ್ಟೋಸಿಸ್ ಕಾರ್ಮಿಕ ಕಾನೂನಿನಡಿ ವರದಿ ಮಾಡಲೇಬೇಕಾದ ಕಾಯಿಲೆ. ಕಲ್ನಾರು ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ನಂತರವೋ ಅಲ್ಲಿಯವರೆಗೆ ಇಡಬೇಕೆಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಶೀಟಿನ ಮೇಲೆ ಕೂತು ಕೊಯ್ಯುವ ದಿನಗೂಲಿಯವನ ದಾಖಲೆ ಯಾರ ಬಳಿಯೂ ಇಲ್ಲ, ಕೆಳಗಿರುವ ಬಾಡಿಗೆದಾರರದ್ದಂತೂ ಕೇಳಲೇಬೇಡಿ. ಇಂಥ ಮನೆಗಳೆಷ್ಟು ಎಂಬುದೂ ತಿಳಿಯುವಂತಿಲ್ಲ: 2011ರ ಜನಗಣತಿ ತಗಡಿನ ಸೂರನ್ನೂ ಕಲ್ನಾರಿನ ಸೂರನ್ನೂ ಒಂದೇ ಕಲಮಿನಲ್ಲಿ ಎಣಿಸಿತು. ನೆರೆಯ ನೇಪಾಳ 2015ರಲ್ಲೇ ಕಲ್ನಾರನ್ನು ನಿಷೇಧಿಸಿತು. ನಮ್ಮಲ್ಲಿ ಹೊರದೇಶಗಳಿಂದ ತರಿಸಿಕೊಂಡು ಶೀಟು ಮಾಡುವುದು ನಡೆದೇ ಇದೆ.

ಬಾಡಿಗೆದಾರರ ಕೈಯಲ್ಲಿ ಕಾನೂನು ಎಷ್ಟಿದೆ ಎಂದರೆ, ಸ್ವಲ್ಪವೇ. ಕರ್ನಾಟಕ ಬಾಡಿಗೆ ಕಾಯ್ದೆ, 1999 ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸುವುದಿಲ್ಲ. ಆ ಬೆಲೆಗೆ ಶೀಟ್ ಮನೆಯೂ ಈಗ ಸಿಗುವುದು ಕಷ್ಟ. ಉಳಿಯುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ. ಅದರ ಪ್ರಕಾರ ತನಗೆ ಗೊತ್ತಿದ್ದು, ಬಾಡಿಗೆದಾರ ಸಾಮಾನ್ಯ ಎಚ್ಚರದಿಂದ ನೋಡಿದರೂ ತಿಳಿಯಲಾರದಂಥ ದೊಡ್ಡ ದೋಷವನ್ನು ಮಾಲೀಕ ಮೊದಲೇ ಹೇಳಬೇಕು. ಬಿರುಗಾಳಿಗೆ ಮನೆಯ ಮುಖ್ಯ ಭಾಗ ಪೂರ್ತಿ ಹಾಳಾಗಿ ವಾಸಕ್ಕೆ ಬಾರದಂತಾದರೆ ಬಾಡಿಗೆದಾರ ಕರಾರನ್ನು ಮುರಿಯಬಹುದು. ಮಾಲೀಕ ಮಾಡಿಸಲೇಬೇಕಾದ ದುರಸ್ತಿಯನ್ನು, ತಿಳಿಸಿದ ಮೇಲೂ ಮಾಡಿಸದಿದ್ದರೆ ತಾನೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಇಲ್ಲೇ ಒಂದು ತೊಡಕು ಇದೆ. ‘ಮಾಡಿಸಲೇಬೇಕಾದ’ ದುರಸ್ತಿ ಯಾವುದೆಂದು ತೀರ್ಮಾನವಾಗುವುದು ಬಹುಪಾಲು ಕರಾರಿನಿಂದಲೇ. ನಾವು ಸಹಿ ಹಾಕುವ ಹನ್ನೊಂದು ತಿಂಗಳ ಕರಾರು ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಿಂದ ಬಂದದ್ದು, ಸೂರಿನ ಮಾತೇ ಅದರಲ್ಲಿರುವುದಿಲ್ಲ. ಹಾಗಾಗಿ ಸಹಿಗೆ ಮೊದಲು ಇದನ್ನು ಸೇರಿಸಿಕೊಳ್ಳಿ:

‘ಮನೆಯ ಮೇಲ್ಛಾವಣಿಯ ಶೀಟುಗಳ ದುರಸ್ತಿ, ಬದಲಾವಣೆ ಹಾಗೂ ತೆಗೆದ ಶೀಟಿನ ವಿಲೇವಾರಿ ಮಾಲೀಕರ ಜವಾಬ್ದಾರಿ. ಶೀಟು ಒಡೆದ ಬಗ್ಗೆ ಬಾಡಿಗೆದಾರರು ವಾಟ್ಸ್‌ಆ್ಯಪ್ ಅಥವಾ ಪತ್ರದ ಮೂಲಕ ತಿಳಿಸಿದ 15 ದಿನದೊಳಗೆ ದುರಸ್ತಿ ಮಾಡಿಸತಕ್ಕದ್ದು. ತಪ್ಪಿದಲ್ಲಿ ಬಾಡಿಗೆದಾರರು ಮಾಡಿಸಿ, ರಸೀದಿಯಂತೆ ಬಾಡಿಗೆಯಲ್ಲಿ ಕಡಿತ ಮಾಡಿಕೊಳ್ಳಬಹುದು. ಬಾಡಿಗೆದಾರರು ಶೀಟಿಗೆ ತೂತು ಕೊರೆಯತಕ್ಕದ್ದಲ್ಲ. ದುರಸ್ತಿಯ ಸಮಯದಲ್ಲಿ ಶೀಟನ್ನು ಮನೆಯ ಬಳಿ ಯಂತ್ರದಿಂದ ಕತ್ತರಿಸತಕ್ಕದ್ದಲ್ಲ.’

ಮನೆಗೆ ಬಂದ ದಿನವೇ ಸೂರಿನ ಫೋಟೊ ತೆಗೆದು ಓನರಿಗೆ ಕಳಿಸಿಡಿ. ಬಿಡುವಾಗ ‘ಇದು ನೀವೇ ಒಡೆದದ್ದು’ ಎಂಬ ಮಾತಿಗೆ ಅದೇ ಉತ್ತರ. ಓನರಿಗೂ ಒಂದು ಮಾತು: ಜಗಳದ ಕಣ್ಣಲ್ಲಿ ಇದನ್ನು ನೋಡಬೇಡಿ. ಮೇಲಿನ ಶೀಟಿನ ಪುಡಿ ಪಕ್ಕದಲ್ಲೇ ಇರುವ ನಿಮ್ಮ ಮನೆಯ ಕಿಟಕಿಗೂ ಬರುತ್ತದೆ.

ನಗರಾಡಳಿತವನ್ನು ನಾವು ಕೇಳುವುದು ದೊಡ್ಡ ಯೋಜನೆಯಲ್ಲ. ವಾರ್ಡಿಗೊಂದು ಕಡೆ, ತಿಂಗಳಿಗೆ ಒಂದು ದಿನ, ಸುತ್ತಿ ತಂದ ಕಲ್ನಾರು ಶೀಟನ್ನು ಶುಲ್ಕವಿಲ್ಲದೆ ಪಡೆದು, ಅಪಾಯಕಾರಿ ತ್ಯಾಜ್ಯ ಹೂಳುವ ಅಧಿಕೃತ ಘಟಕಕ್ಕೆ ಕಳಿಸುವ ಏರ್ಪಾಡಾಗಲಿ. ಬಾಡಿಗೆ ಕರಾರಿನ ನಮೂನೆಗಳಲ್ಲಿ ಸೂರಿನ ಸಾಲೊಂದು ಸೇರಲಿ. ಮುಂದಿನ ಗಾಳಿಮಳೆಗೆ ಮೊದಲು, ಹಾನಿ ನೋಡಲು ಹೋಗುವ ಸಿಬ್ಬಂದಿಯ ಜೀಪಿನಲ್ಲಿ ಟಾರ್ಪಾಲಿನ ಜೊತೆಗೆ ಒಂದು ಸುರುಳಿ ದಪ್ಪ ಪಾಲಿಥಿನ್, ನಾಲ್ಕು ಟೇಪು, ಎರಡು ಪಿ100 ಮಾಸ್ಕು, ಒಂದು ಸ್ಪ್ರೇ ಪಂಪು ಇರಲಿ. ಹಾನಿಯ ಪಟ್ಟಿಯಲ್ಲಿ ‘ಶೀಟು ಹಾರಿದೆ’ ಎಂದು ಬರೆಯುವ ಕಡೆ ಅದು ತಗಡೋ ಕಲ್ನಾರೋ ಎಂಬುದನ್ನೂ ಬರೆದುಕೊಳ್ಳಲಿ.

ಇತಿ,
ಕಟ್ಟಡ ಸುರಕ್ಷತೆ ಹಾಗೂ ಕಾರ್ಮಿಕರ ಆರೋಗ್ಯದ ಕೆಲಸದಲ್ಲಿರುವ ಕೆಲವರು,
ಬೆಂಗಳೂರು